ಗೋಡೆಗೆ ಮುಖ ಮಾಡಿ

"ಹಸು ನಿನಗಿರ್ಲಿ, ಸಾರಂಗ ಅವಳಿಗಿರ್ಲಿ," ಎಂದು ಎರ್ಸಾಯಿನ್ ಹೇಳಿದ್ದು ಚಹಾ ಕುಡಿಯುತ್ತ. ಹೇಳಿ, ಬಟ್ಟಲನ್ನು ಮುಂದೆ ಚಾಚಿದ. ಇನ್ನೊಂದಿಷ್ಟು ಹಾಲು ಬೇಕಿತ್ತು ಅವನಿಗೆ. ಷರ್ಬಾನು ಹಾಕಿದಳು.

ಆ ವಸಂತದಲ್ಲಿ ಅವನು ಜಿಲ್ಲಾ ಪಟ್ಟಣದ ಅಯ್ಗಾನಿಮ್ ಎಂಬವಳನ್ನು ಮುಲ್ಲಾನ ಮುಂದೆ ಎರಡನೆಯ ಹೆಂಡತಿಯಾಗಿ ಮಾಡಿಕೊಂಡಾಗ ಷರ್ಬಾನು ಅತ್ತಿರಲಿಲ್ಲ. ಅಂಥ ಗಂಡಸಿನಲ್ಲಿ ಯಾರಾದರೂ ಪಾಲು ಕೇಳಿದರೆ ಪೂರ್ತಿಯಾಗಿಯೇ ಕೊಟ್ಟು, ಮೇಲೊಂದು ಕುರಿಯನ್ನೂ ಕಟ್ಟಿ ಕಳಿಸುವಷ್ಟು ಧಾರಾಳತನ ಅವಳಿಗಿತ್ತು. ಆದರೆ ಸಾರಂಗಗಳು?

"ಅವಳಿಗೆ ಸಾರಂಗದ ವಿಷಯ ಏನು ಗೊತ್ತು?" ಎಂದಳು.

"ಗೊತ್ತಾಗೋಕೇನಿದೆ ಅದ್ರಲ್ಲಿ? ಹುಲ್ಲು ಹಾಕಿದ್ರೆ ತಿಂತವೆ, ಕಾಲ ಬಂದ್ರೆ ಈಯ್ತವೆ. ಹೆಂಗೂ ಕೊಂಬು ಬೇಯಿಸಿದ ನೀರಿನ ಸ್ನಾನದ ಮನೆ ಅವಳೇ ನಡೆಸ್ತಾಳಲ್ಲ. ಸ್ನಾನಕ್ಕೆ ಬಂದೋರಿಗೆ ಸಾರಂಗಾನೂ ತೋರಿಸ್ತಾಳೆ. ನೀನು ತೋರಿಸೋಕೆ ಹೋದ್ರೆ ಆಗುತ್ತೇನು? ಕೈ ಮೂಸಿ ನೋಡ್ಕೋ ಒಂದ್ಸಲ. ಸಗಣಿ!" ಅವನು ತನ್ನ ಮಾತಿಗೆ ತಾನೇ ನಕ್ಕ. "ಚಳಿಗಾಲದ ಮಾಂಸಕ್ಕೆ ಕುದುರೆ ಕಡಿಯೋ ಹೊತ್ತಿಗೆ ಎಲ್ಲಾ ಅವಳ ಹೆಸರಿಗೆ ಮಾಡಿಸಿಬಿಡ್ತೀನಿ."

ಷರ್ಬಾನು ಮೇಜುಬಟ್ಟೆಯ ಮೇಲೆ ಉದುರಿದ್ದ ಕರಿದ ರೊಟ್ಟಿಯ ಚೂರುಗಳನ್ನು ಅಂಗೈಗೆ ಬಳಿದುಕೊಂಡಳು. ಎದ್ದು ಹೋಗಿ ಕೋಳಿಗಳಿಗೆ ಎರಚಿದಳು. ಕೋಳಿಗಳು ಕಚ್ಚಾಡಿ ತಿಂದು ಮುಗಿಸುವಷ್ಟರಲ್ಲಿ, ಈ ಮನುಷ್ಯ ಚಳಿಗಾಲ ನೋಡಬಾರದು ಎಂದು ಅವಳು ತೀರ್ಮಾನಿಸಿಯಾಗಿತ್ತು. ಸಿಟ್ಟೇನೂ ಬಂದಿರಲಿಲ್ಲ. ಈಯದ ಹಸುವನ್ನು ಹಿಂಡಿನಿಂದ ತೆಗೆಯುವಾಗ ಯಾರಿಗಾದರೂ ಸಿಟ್ಟು ಬರುತ್ತದೆಯೆ?

ಬುಖ್ತರ್ಮಾ ನದಿಯ ಮೇಲ್ದಂಡೆಯ ಆ ಬೆಟ್ಟಕ್ಕೆ ಬೇಲಿ ಬಿಗಿದದ್ದು ಅವಳು. ಸರ್ಕಾರದ ಸಾಮೂಹಿಕ ಫಾರ್ಮು ಮುರಿದುಬಿದ್ದಾಗ ಅವರ ಪಾಲಿಗೆ ಬಂದದ್ದು ಎಲುಬು ಕಾಣುವ ಕೆಲವು ಹಸುಗಳು, ಕುಂಟುವ ಕೆಲವು ಹೆಣ್ಣು ಸಾರಂಗಗಳು. ಪಶುಪಾಲನೆ ಓದಿಕೊಂಡು ಬಂದ ಸೊಸೆ ಅವಳು. ಯಾವ ಹೆಣ್ಣನ್ನು ಯಾವ ಗಂಡಿಗೆ ಬಿಡಬೇಕು, ಯಾರ ಮಗಳನ್ನು ಯಾರ ಕಣ್ಣಿಗೆ ಬೀಳದಂತೆ ಇಡಬೇಕು, ಯಾವ ಹಸುವನ್ನು ಯಾವಾಗ ಬತ್ತಿಸಬೇಕು ಎಂಬುದೆಲ್ಲ ಅವಳ ತಲೆಯೊಳಗಿತ್ತು. ಇಂದು ಆ ಬೆಟ್ಟದ ಗಂಡುಗಳ ಎಳೆಗೊಂಬು, ಮೇಲೆ ಮಖಮಲ್ಲಿನಂಥ ತೊಗಲು, ಒಳಗೆ ಬಿಸಿ ರಕ್ತ, ತೋಳಿನಷ್ಟು ದಪ್ಪ ಬೆಳೆಯುತ್ತಿತ್ತು. ಅದು ಮೂವತ್ತು ವರ್ಷ ಕಣ್ಣಿಟ್ಟು ಆರಿಸಿದ್ದರ ಫಲ. ಎರ್ಸಾಯಿನ್ ಇದರಲ್ಲಿ ಮಾಡಿದ ಕೆಲಸವೆಂದರೆ ಬಿಳಿ ಕುದುರೆ ಹತ್ತಿದ್ದು. ಟೀವಿಯವರು ಬಂದಾಗ ನರಿತೊಗಲಿನ ಟೋಪಿ ಹಾಕಿಕೊಂಡು "ನನ್ನ ಸಾರಂಗಗಳು" ಎನ್ನುತ್ತಿದ್ದ. ಆ ಗಂಡಿನ ತಾಯಿ ಯಾವುದು ಎಂದು ಯಾರಾದರೂ ಕೇಳಿದರೆ ಕುದುರೆಯ ಮುಖ ನೋಡುತ್ತಿದ್ದ. ಕುದುರೆಗಾದರೂ ಗೊತ್ತಿತ್ತೇನೋ.

ವಿಷದ ಯೋಚನೆಯನ್ನು ಅವಳು ಮೊದಲೇ ಬದಿಗಿಟ್ಟಳು. ದನದ ಔಷಧಿಗಳ ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಕುದುರೆಯ ಮೇಲಿಂದ ಬೀಳಿಸುವುದೂ ಆಗದು. ಆ ಪ್ರಾಣಿಗೆ ಯಜಮಾನನಿಗಿಂತ ಹೆಚ್ಚು ವಿವೇಕವಿತ್ತು, ಕಲ್ಲು ಕಂಡರೆ ತಾನೇ ನಿಲ್ಲುತ್ತಿತ್ತು. ಉಳಿದದ್ದು ಸಾರಂಗ. ಆಗಬಹುದು. ನ್ಯಾಯವೂ ಹೌದು.

ಹಾಲುಮಗ ಎಂದು ಅವಳು ಕರೆಯುತ್ತಿದ್ದ ಗಂಡೊಂದಿತ್ತು. ಹುಟ್ಟಿದ ವಾರದಲ್ಲೇ ತಾಯಿಯನ್ನು ಕಳೆದುಕೊಂಡ ಅದನ್ನು ಅವಳು ಕೆಂಪು ಹಸುವಿನ ಕೆಚ್ಚಲಿಗೆ ಬಿಟ್ಟು, ಕರುವಿನ ಜೊತೆ ಕೊಟ್ಟಿಗೆಯಲ್ಲೇ ಬೆಳೆಸಿದ್ದಳು. ಸಾರಂಗ ಸಾಕಿದವರಿಗೆಲ್ಲ ಗೊತ್ತಿರುವ ಮಾತು ಇದು: ಕಾಡಿನ ಗಂಡು ಬೆದೆಗಾಲದಲ್ಲೂ ಮನುಷ್ಯನ ವಾಸನೆ ಬಡಿದರೆ ದೂರ ಸರಿಯುತ್ತದೆ, ಕೊಟ್ಟಿಗೆಯಲ್ಲಿ ಮನುಷ್ಯರ ನಡುವೆ ಬೆಳೆದದ್ದು ಸರಿಯುವುದಿಲ್ಲ. ಅದರ ಕಣ್ಣಿಗೆ ಮನುಷ್ಯನೂ ಇನ್ನೊಂದು ಗಂಡು, ತನ್ನ ಹೆಣ್ಣುಗಳಿಗೆ ಕಣ್ಣು ಹಾಕುವ ಗಂಡು. ಬೇರೆಯವರಾಗಿದ್ದರೆ ಅಂಥದ್ದರ ಬೀಜ ಒಡೆಸಿಬಿಡುತ್ತಿದ್ದರು. ಷರ್ಬಾನು ಒಡೆಸಿರಲಿಲ್ಲ. ಅಷ್ಟು ಒಳ್ಳೆಯ ತಳಿ ಅದು. ಎರ್ಸಾಯಿನ್ ಮಾತ್ರ ಫೋಟೋಕ್ಕೆಂದು ಅದರ ಹಣೆ ಕೆರೆಯುತ್ತ "ನೋಡಿ, ನಾಯಿಮರಿ ಇದ್ದಂಗೆ" ಎನ್ನುತ್ತಿದ್ದ. ವಸಂತದಲ್ಲಿ ಅದು ನಾಯಿಮರಿಯೇ. ಶರತ್ಕಾಲವೊಂದು ಇದೆಯೆಂಬುದು ಅವನ ತಲೆಗೆ ಹೋಗಿರಲಿಲ್ಲ.

ಒಂದೇ ಒಂದು ತೊಡಕಿತ್ತು. ಬೇಸಿಗೆಯ ಮೊದಲಲ್ಲಿ, ಔಷಧಿಗೂ ಸ್ನಾನಕ್ಕೂ ಎಂದು, ಎಲ್ಲ ಗಂಡುಗಳ ಎಳೆಗೊಂಬನ್ನೂ ಗರಗಸ ಹಾಕಿ ಕೊಯ್ಯುತ್ತಾರೆ. ಬೆದೆ ಬರುವ ಹೊತ್ತಿಗೆ ತಲೆಯ ಮೇಲೆ ಉಳಿಯುವುದು ಮೋಟು ಮಾತ್ರ. ಮೋಟಿನಿಂದ ಪಕ್ಕೆಲುಬು ಮುರಿಯಬಹುದು, ಜೀವ ಹೋಗುತ್ತದೆಂಬ ಭರವಸೆಯಿಲ್ಲ. ಹಾಲುಮಗನ ಕೊಂಬು ಉಳಿಯಬೇಕಿತ್ತು. ಅದು ಅವಳ ಮಾತಿನಿಂದ ಉಳಿಯಬಾರದಿತ್ತು.

ಕೊಯ್ಯುವ ದಿನ, ಊರಿನ ಗಂಡಸರೆಲ್ಲ ಸಾರಂಗವನ್ನು ಹಿಡಿದಿಡುವ ಮರದ ಚೌಕಟ್ಟಿನ ಸುತ್ತ ನಿಂತಿದ್ದಾಗ, ಅವಳು ಗರಗಸ ಒರೆಸುತ್ತ ಗೊಣಗಿದಳು. "ಹಾಲುಮಗನದ್ದೂ ಬೇಗ ಕೊಯ್ದು ಮುಗಿಸ್ರಪ್ಪ. ಹಾಗೇ ಬಿಟ್ಟು ಒಣಗಿಸಿ ಬಾಗಿಲ ಮೇಲೆ ಹಾಕಿದ್ರೆ ಚೆಂದ ಅಂತ ಯಾರೋ ಅಂತಿದ್ರು. ನಮಗ್ಯಾಕೆ ಆ ಶೋಕಿ?"

"ಯಾಕೆ ಬೇಡ?" ಎಂದು ಎರ್ಸಾಯಿನ್ ಅಲ್ಲಿಂದಲೇ ಕೂಗಿದ. "ಬಿಡ್ರೋ ಅದನ್ನ! ಬೆಳೀಲಿ. ಸ್ನಾನದ ಮನೆ ಬಾಗಿಲ ಮೇಲೆ ಹಾಕ್ತೀನಿ. ಇವಳಿಗೆ ಅಂದಚೆಂದ ಏನು ತಿಳಿಯುತ್ತೆ, ಕೆಚ್ಚಲು ಬಿಟ್ಟು ಬೇರೆ ನೋಡಿದ್ದುಂಟಾ!"

ಗಂಡಸರು ನಕ್ಕರು. ಅಷ್ಟು ಮಂದಿ ಸಾಕ್ಷಿಗಳು ಒಟ್ಟಿಗೆ ನಗುವುದನ್ನು ಕಂಡು ಷರ್ಬಾನುವಿಗೂ ನಗು ಬಂತು; ತಲೆವಸ್ತ್ರದ ಅಂಚನ್ನು ಬಾಯಿಗೆ ಹಿಡಿದಳು. ನಾಚಿಕೊಂಡಳೆಂದು ಅವರು ತಿಳಿದರು.

ಉಳಿದದ್ದನ್ನು ಗಂಡನ ಜಂಬವೇ ಮಾಡಿಕೊಡುತ್ತಿತ್ತು. ಬರ್ಚ್ ತೊಗಟೆಯ ಉದ್ದ ಕೊಳವೆಯೊಂದನ್ನು ಬಾಯಿಗಿಟ್ಟು ಗಂಡು ಸಾರಂಗದಂತೆ ಕೂಗುವುದು ಎರ್ಸಾಯಿನ್‌ಗೆ ಬರುತ್ತಿದ್ದ ಒಂದೇ ವಿದ್ಯೆ. ಬೆದೆಗಾಲದಲ್ಲಿ ಪ್ರತಿ ಬೆಳಗ್ಗೆ ಬರ್ಚ್ ತೋಪು ದಾಟಿ, ಬೇಲಿಯೊಳಗಿನ ದಿಣ್ಣೆ ಹತ್ತಿ ಕೂಗುತ್ತಿದ್ದ. ಬೆಟ್ಟದ ಗಂಡುಗಳೆಲ್ಲ ಉತ್ತರ ಕೊಡುತ್ತಿದ್ದವು. ಈ ವರ್ಷ ಬೆದೆಗೆ ಮೊದಲೇ ಅವನ ಕೂಗನ್ನು ಅಯ್ಗಾನಿಮ್ ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸುತ್ತಿದ್ದಳು. "ನನ್ನ ಕೂಗಿಗೂ ಗಂಡಿನ ಕೂಗಿಗೂ ವ್ಯತ್ಯಾಸ ಹೇಳಿ ನೋಡೋಣ!" ಎಂದು ಅವನು ಸವಾಲು ಹಾಕುತ್ತಿದ್ದ. ಹಾಲುಮಗನಿಗೂ ಹೇಳಲಾಗದು ಎಂಬುದೇ ಷರ್ಬಾನುವಿನ ನಂಬಿಕೆ. ಹಾಲುಮಗ ಮತ್ತು ಅವನ ಹೆಣ್ಣುಗಳಿದ್ದ ಆವರಣಕ್ಕೂ ಆ ದಿಣ್ಣೆಗೂ ನಡುವೆ ಒಂದು ಒಳಗೇಟು, ಅದಕ್ಕೊಂದು ಮರದ ಅಗುಳಿ. ಗಾಳಿಗೆ ಸವೆದು ಸಡಿಲವಾದ ಅಗುಳಿ. ಅದನ್ನು ಸರಿಮಾಡಿಸು ಎಂದು ಅವಳು ನಾಲ್ಕು ಜನರೆದುರು ಗಂಡನಿಗೆ ಹೇಳಿದ್ದಳು. ಅವನು ಮಾಡಿಸುವುದಿಲ್ಲವೆಂಬುದು, ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಷ್ಟೇ ಖಚಿತ.

ಹೀಗೆ ಎಲ್ಲವೂ ಸಿದ್ಧವಾದ ಮೇಲೆ ಅವಳು ಅಳುವುದರ ಕಡೆ ಗಮನ ಕೊಟ್ಟಳು.

ಊರಿನಲ್ಲಿ ಗಂಡ ಸತ್ತರೆ ಹೆಂಡತಿ ಸುಮ್ಮನೆ ಗೋಳಾಡುವಂತಿಲ್ಲ. ಸೊಂಟಕ್ಕೆ ಕೈಕೊಟ್ಟು, ಗೋಡೆಗೆ ಮುಖ ಮಾಡಿ ಕೂತು, ಹಾಡಿ ಅಳಬೇಕು. ಸತ್ತವನ ಗುಣ, ಸತ್ತ ಬಗೆ, ತನ್ನ ಗತಿ, ಎಲ್ಲವೂ ಪದವಾಗಿ ಬರಬೇಕು. ಹೆಂಗಸರು ಕೇಳಿಸಿಕೊಂಡು ತೂಗುತ್ತಾರೆ. ಹಾಡು ಬರದ ಒಬ್ಬ ವಿಧವೆಯ ಬಗ್ಗೆ, ಅವಳ ಮೊಮ್ಮಕ್ಕಳಿಗೆ ಮದುವೆಯಾದ ಮೇಲೂ, "ಕುರಿ ಕಳಕೊಂಡೋಳ ಹಂಗೆ ಅತ್ಳು" ಎನ್ನುವುದನ್ನು ಅವರು ನಿಲ್ಲಿಸಿರಲಿಲ್ಲ. ಪಟ್ಟಣದ ಅಯ್ಗಾನಿಮ್‌ಗೆ ಹಾಡಿ ಅಳುವುದು ಎಲ್ಲಿಂದ ಬರಬೇಕು? ಕಣ್ಣಿಗೆ ಹಚ್ಚಿದ ಕಪ್ಪು ಕೆನ್ನೆಗಿಳಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತಾಳೆ. ಅಂದೇ ಊರು ತೀರ್ಪು ಕೊಡುತ್ತದೆ: ನಿಜವಾದ ಹೆಂಡತಿ ಯಾರು, ಬೆಟ್ಟ ಯಾರದ್ದು ಎಂದು. ಇನ್ನೊಂದು ಅನುಕೂಲವೂ ಇತ್ತು. ಅಳುಹಾಡಿನಲ್ಲಿ ಬಂದ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ. ಪೊಲೀಸಿನವನ ಮುಂದೆ "ಗಾಳಿಗೆ ಅಗುಳಿ ಸರಿದಿರಬೇಕು" ಎಂದರೆ ಅದು ಹೇಳಿಕೆ. ಹಾಡಿನಲ್ಲಿ ಗಾಳಿಯನ್ನೇ ಶಪಿಸಿದರೆ ಅದು ದುಃಖ. ಊರಿನ ಬಾಯಲ್ಲಿ ಅದೇ ನಿಂತುಬಿಡುತ್ತದೆ. ಪೊಲೀಸಿನವನು ಬಂದಾಗ ಊರೇ ಅವನಿಗೆ ಹೇಳುತ್ತದೆ.

ಹಾಡು ಆ ಹೊತ್ತಿನಲ್ಲಿ ತಾನಾಗಿ ಹುಟ್ಟಬೇಕು ಎನ್ನುತ್ತಾರೆ. ಷರ್ಬಾನು ಯಾವುದನ್ನೂ ತಾನಾಗಿ ಹುಟ್ಟಲು ಬಿಟ್ಟವಳಲ್ಲ. ಹಾಲು ಕರೆಯುತ್ತ, ತಂಬಿಗೆಗೆ ಬೀಳುವ ಧಾರೆಯ ಲಯಕ್ಕೆ ಸಾಲು ಸಾಲಾಗಿ ಏಳು ಪದ ಕಟ್ಟಿದಳು.

"ಏನಕ್ಕಾ, ಈಚೆಗೆ ಕರೆಯೋವಾಗ ಒಂದೇ ಸಮ ಗುನುಗ್ತೀಯ?" ಎಂದು ಪಕ್ಕದ ಹಸುವಿನಡಿ ಕೂತ ಗುಲ್ಬರಾಮ್ ಕೇಳಿದಳು. ಕೊಟ್ಟಿಗೆಯ ಕೆಲಸಕ್ಕೆ ಬರುವ ನೆರೆಮನೆಯವಳು. ಕೈಗಿಂತ ಬಾಯಿ ಜೋರು. "ಸವತಿ ಬಂದ್ಮೇಲೆ ಹರೆಯ ಮರಳಿತಾ?"

"ಹಾಡಿದ್ರೆ ಹಸು ಚೆನ್ನಾಗಿ ಸೊರೆ ಬಿಡುತ್ತೆ."

"ಹೌದಾ? ಹಂಗಾದ್ರೆ ನನ್ ಗಂಡಂಗೂ ಹಾಡ್ತೀನಿ. ಆ ಮೂಳೆಯಿಂದ ಏನಾದ್ರೂ ಇಳಿದ್ರೆ ಅರ್ಧ ನಿಂಗೆ."

"ಅದನ್ನ ಕರೆದು ಪ್ರಯೋಜನ ಇಲ್ಲ ಕಣೆ. ಬತ್ತಿಸಿಬಿಡು," ಎಂದಳು ಷರ್ಬಾನು. ಗುಲ್ಬರಾಮ್ ನಕ್ಕ ರಭಸಕ್ಕೆ ಹಸು ಕಾಲೆತ್ತಿತು. ಆ ನಗುವಿನ ಮರೆಯಲ್ಲಿ ಷರ್ಬಾನುವಿಗೆ ಹುಡುಕುತ್ತಿದ್ದ ಪ್ರಾಸ ಸಿಕ್ಕಿತು. ಹಾಡು ನಿಜಕ್ಕೂ ಚೆನ್ನಾಗಿ ಬಂದಿತ್ತು. ಬದುಕಿದ್ದಾಗ ಆ ಮನುಷ್ಯನ ಬಗ್ಗೆ ಅಷ್ಟು ಒಳ್ಳೆಯ ಮಾತು ಯಾರೂ ಆಡಿರಲಿಲ್ಲ.

ಬೆಟ್ಟದ ಲಾರ್ಚ್ ಮರಗಳು ಹಳದಿಗೆ ತಿರುಗಿದವು. ಹಾಲುಮಗನ ಕತ್ತು ಉಬ್ಬಿ, ಕಣ್ಣು ಕೆಂಪಾಗಿ, ಕೊಂಬಿನ ತುದಿಗಳು ತೊಗಲು ಕಳಚಿ ಹೊಳೆದವು. ಅವಳು ಕಾದಳು. ಒಂದು ಬೆಳಗ್ಗೆ ನೆಲಕ್ಕೆ ಬಿಳಿ ಮಂಜು ಕಟ್ಟಿತ್ತು; ಬೆದೆಯ ಗಂಡು ಹುಚ್ಚೇಳುವುದು ಅಂಥ ಬೆಳಗಿನಲ್ಲೇ. ಕೂಲಿಯವರು ಹುಲ್ಲು ತರಲು ಆಚೆ ಬದಿಗೆ ಹೋಗಿದ್ದರು. ಅವಳು ಹೋಗಿ ಅಗುಳಿಯನ್ನು ಬೆರಳಿನಿಂದ ಎತ್ತಿದಳು, ಗೇಟು ತಾನೇ ತೆರೆದುಕೊಂಡಿತು. ಒಂದು ಹಿಡಿ ಓಟ್ಸ್ ಕಾಳನ್ನು ದಿಣ್ಣೆಯ ಕಡೆ ಎರಚಿ ಮನೆಗೆ ಬಂದಳು. ಹೆಣ್ಣುಗಳು ಕಾಳಿನ ಹಿಂದೆ, ಹಾಲುಮಗ ಹೆಣ್ಣುಗಳ ಹಿಂದೆ.

ಎರ್ಸಾಯಿನ್ ಕೊಳವೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟ. ಬಾಗಿಲಲ್ಲಿ ನಿಂತು, "ಮಧ್ಯಾಹ್ನಕ್ಕೆ ಮಾಂಸ ಬೇಯಿಸಿಡು. ಅಯ್ಗಾನಿಮ್ ಬರ್ತಾಳೆ. ಕೊಬ್ಬು ಜಾಸ್ತಿ ಹಾಕ್ಬೇಡ, ಅವಳಿಗೆ ಆಗಲ್ಲ," ಎಂದ. ಮನುಷ್ಯನ ಕೊನೆಯ ಮಾತು ಹೀಗಿರಬಹುದೆಂದು ಅವಳು ಊಹಿಸಿಯೇ ಇದ್ದಳು.

"ಹೂಂ," ಎಂದಳು.

ಕೊಟ್ಟಿಗೆಯಲ್ಲಿ ಗುಲ್ಬರಾಮ್ ಜೊತೆ ಕೂತು ಹಾಲು ಕರೆಯುತ್ತಿದ್ದಾಗ ತೋಪಿನ ಕಡೆಯಿಂದ ಕೂಗು ಕೇಳಿಸಿತು. ಮೊದಲು ತೆಳುವಾದ, ಒರಟಾದ ಒಂದು ಕೂಗು. ಅದಕ್ಕುತ್ತರವಾಗಿ ಹಾಲುಮಗನದು, ಎದೆಯಾಳದಿಂದ. ಆಮೇಲೆ ತೆಳುವಾದದ್ದು ಅರ್ಧಕ್ಕೇ ನಿಂತಿತು. ಮತ್ತೆ ಕೇಳಲಿಲ್ಲ. ಷರ್ಬಾನುವಿನ ಬೆರಳುಗಳು ನಿಲ್ಲಲಿಲ್ಲ. ತಂಬಿಗೆ ತುಂಬಿತು, ಹಾಲು ಸೋಸಿದಳು, ಗುಲ್ಬರಾಮ್ ಮನೆಗೆ ಹೋದಳು. ಷರ್ಬಾನು ಕೈ ತೊಳೆದು, ಶುಭ್ರವಾದ ತಲೆವಸ್ತ್ರ ಕಟ್ಟಿ, ಚಹಾದ ಸಮೊವಾರಿಗೆ ಕೆಂಡ ಹಾಕಿ ಕೂತಳು. ಮಾಂಸ ಬೇಯಿಸಲಿಲ್ಲ.

ಬಿಸಿಲು ಅಂಗಳಕ್ಕಿಳಿದ ಮೇಲೆ ಅವರು ಬಂದರು. ಕಿಟಕಿಯಿಂದ ಅವಳಿಗೆ ಮುಂದೆ ನಡೆಯುತ್ತಿದ್ದ ಊರಿನ ಹಿರಿಯ ಮುಕಾಷ್ ಅಜ್ಜನ ಕೋಲು ಕಂಡಿತು, ಹಿಂದೆ ಇನ್ನಿಬ್ಬರು ಮುದುಕರು, ಅವರ ಹಿಂದೆ ತಲೆ ತಗ್ಗಿಸಿದ ಹೆಂಗಸರ ಗುಂಪು, ಗುಲ್ಬರಾಮ್ ಕೂಡ. ನೋಡಬೇಕಾದದ್ದು ಅಷ್ಟೇ; ಕಿಟಕಿ ಬಿಟ್ಟು ಬಂದಳು. ಸಾವಿನ ಸುದ್ದಿಯನ್ನು ಊರಿನಲ್ಲಿ ಸತ್ತವರ ಸ್ವಂತದವರಿಗೆ ಯಾರೂ ನೇರವಾಗಿ ಹೇಳುವುದಿಲ್ಲ, ಫೋನಿನಲ್ಲಂತೂ ಇಲ್ಲವೇ ಇಲ್ಲ. ಹಿರಿಯರು ಬಂದು, ಕೂತು, ಸುತ್ತಿ ಬಳಸಿ ಒಗಟಿನಲ್ಲಿ ಕೇಳಿಸುತ್ತಾರೆ. ಸತ್ತವರ ಹೆಸರು ಬರುವುದು ಕೊನೆಗೆ. ಅಷ್ಟರಲ್ಲಿ ಕೇಳುವವರ ಎದೆಯೇ ಅದನ್ನು ಹೇಳಿರುತ್ತದೆ.

ಮುಕಾಷ್ ಅಜ್ಜ ಕೂತ. ಕೆಮ್ಮಿದ. ಚಹಾ ಮುಟ್ಟಲಿಲ್ಲ.

"ಮಗಳೇ," ಎಂದ, "ಹಂಸ ಅಂದ್ಮೇಲೆ ಒಂದಲ್ಲ ಒಂದು ದಿನ ಕೆರೆ ಬಿಟ್ಟು ಹಾರುತ್ತೆ. ನಮಗೆ ನೆರಳು ಕೊಟ್ಟ ಮರ ಯಾವತ್ತೂ ನಿಂತಿರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಅದರ ಬೇರಿಗೆ ಮಾತ್ರ ಗೊತ್ತಿರುತ್ತೆ. ನಿನ್ನನ್ನ ನೀನಾಗಿ ಮಾಡಿದ ಆ ಮರ..."

ಮರ! ಷರ್ಬಾನುವಿಗೆ ಆ ಹೊತ್ತಿನಲ್ಲೂ ಮುದುಕನ ಮೇಲೆ ತಿರಸ್ಕಾರ ಉಕ್ಕಿತು. ಯಾರಿಗೆ ನೆರಳು ಕೊಟ್ಟಿದ್ದ ಅವನು? ಅವನ ಕುದುರೆಗೂ ಕೊಟ್ಟವನಲ್ಲ. ಆದರೆ ಸತ್ತವರೆಲ್ಲ ಮರಗಳೇ, ಹಂಸಗಳೇ. ಈ ಜನಕ್ಕೆ ಇದೊಂದು ಚಟ. ಮುದುಕ ಹೀಗೇ ಎಳೆದರೆ ಸಂಜೆಯಾಗುತ್ತದೆ. ಅಷ್ಟರಲ್ಲಿ ಆ ಹುಡುಗಿ ಪಟ್ಟಣದಿಂದ ಬಂದು ಮೊದಲು ಚೀರಿಬಿಟ್ಟರೆ? ಮೊದಲ ಅಳು ನಿಜವಾದ ಹೆಂಡತಿಯದಾಗಿರಬೇಕು.

ಅವಳು ಎದೆಗೆ ಬಡಿದುಕೊಂಡು ಎದ್ದಳು. ಗೋಡೆಗೆ ಮುಖ ಮಾಡಿ ಕುಸಿದು ಕೂತಳು. ಎರಡೂ ಕೈ ಸೊಂಟಕ್ಕೆ ಹೋದವು. ಧ್ವನಿ ಹೊರಟಿತು.

ಬೆಟ್ಟವನಾಳಿದ ಬಿಳಿಗುದುರೆ
ಕಟ್ಟಿದ ಕಂಬಕೆ ಬರಲಿಲ್ಲ,
ಬಟ್ಟಲು ತುಂಬಿಸಿ ಹಾಲಿಟ್ಟೆ,
ಮುಟ್ಟುವ ತುಟಿಯೇ ಬರಲಿಲ್ಲ.

ಹಿಂದೆ ಯಾರೋ "ಅಯ್ಯೋ, ಅಕ್ಕಾ" ಎಂದಂತಾಯಿತು. ಗುಲ್ಬರಾಮ್ ಇರಬೇಕು. ಯಾರೋ ಅವಳನ್ನು ಸುಮ್ಮನಿರಿಸಿದರು. ಷರ್ಬಾನುವಿನ ಧ್ವನಿ ಇನ್ನಷ್ಟು ಏರಿತು.

ಮೂವತ್ತು ಚಳಿಯಲಿ ಬಲಗಡೆಗೆ
ಹೂವಂತೆ ಮಲಗಿದ ನನ್ನೊಡೆಯ,
ಸಾವನು ಕರೆದೆಯ ಕೊಳವೆಯಲಿ,
ನೋವನು ಬಿಟ್ಟೆಯ ನನ್ನೊಡೆಯ.

ಹಾಲನು ಕುಡಿದ ಹಾಲುಮಗ,
ಕಾಲನ ಕೊಂಬನು ಹೊತ್ತವನೆ,
ಮೇಲಿನ ಗಾಳಿಯೆ, ಅಗುಳಿಯ ತೆರೆದೆ,
ಸೋಲದ ಎದೆಯನು ಕೊಂದವನೆ.

ಏಳೂ ಪದಗಳನ್ನು ಹಾಡಿದಳು. ಎಲ್ಲಿಯೂ ತಡವರಿಸಲಿಲ್ಲ. ತೆರೆದ ಒಳಗೇಟು, ದಿಣ್ಣೆಯ ಮೇಲಿನ ಮಂಜು, ಪಕ್ಕೆಗೆ ಇಳಿದ ಕೊಂಬಿನ ಕವಲು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಬಂದು ನಿಂತವು. ಹಿಂದೆ ಒಂದು ಬಿಕ್ಕೂ ಇರಲಿಲ್ಲ. ಜೊತೆಗೂಡಿ ಅಳಬೇಕಾದ ಹೆಂಗಸರು ಉಸಿರು ಬಿಗಿಹಿಡಿದಿದ್ದರು. ಇಂಥ ಹಾಡನ್ನು ಇವರು ಹುಟ್ಟಿದಾಗಿನಿಂದ ಕೇಳಿಲ್ಲ, ಪಾಪ, ಅಳುವುದನ್ನೂ ಮರೆತರು ಎಂದುಕೊಂಡಳು. ನಿಧಾನವಾಗಿ, ಹೊಸ ವಿಧವೆಗೆ ತಕ್ಕ ಆಯಾಸದಿಂದ, ಅವರ ಕಡೆ ತಿರುಗಿದಳು.

ಹೊಸ್ತಿಲಲ್ಲಿ ಎರ್ಸಾಯಿನ್ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಕೊಳವೆ ಕಂಕುಳಲ್ಲೇ ಇತ್ತು.

"ಯಾವ ಗೇಟು?" ಎಂದ. ಅವನ ಧ್ವನಿಯಲ್ಲಿ ಜಂಬದ ಎಳೆಯೂ ಇರಲಿಲ್ಲ. "ಯಾವ ಗೇಟು ತೆರೆದಿದೆ, ಷರ್ಬಾನು?" ಮುದುಕರಲ್ಲೊಬ್ಬ ಎದ್ದು, ಅವನನ್ನು ದಾಟಿಕೊಂಡು, ಬೆಟ್ಟದ ಕಡೆ ನಡೆದ.

ಮುಕಾಷ್ ಅಜ್ಜ ತಾನು ಹೊತ್ತು ತಂದ ಮಾತನ್ನು ಹಿಂದಕ್ಕೊಯ್ಯುವಂತಿರಲಿಲ್ಲ. ಹಿಡಿದ ಮಾತನ್ನು ಮುಗಿಸಬೇಕು. ಅವಳ ಮುಖ ನೋಡದೆ ಮುಗಿಸಿದ. "ನಿನ್ನ ತಾಯಿ, ಮಗಳೇ. ಬೆಳಗಿನ ಜಾವ, ನಿದ್ದೆಯಲ್ಲೇ. ನಿನ್ನ ತಮ್ಮ ಇವನಿಗೆ ಫೋನು ಮಾಡಿದ. ತೋಪು ದಾಟೋಕೆ ಮುಂಚೇನೇ, ಕೂಗ್ತಿದ್ದದ್ದನ್ನ ಅರ್ಧಕ್ಕೇ ಬಿಟ್ಟು, ಇವನು ಹಿಂದಕ್ಕೆ ತಿರುಗಿ ಓಡಿ ಬಂದ. ಹೆತ್ತ ತಾಯಿ ಹೋದ ಸುದ್ದೀನ ಹೆಂಡತಿಗೆ ನಾನೊಬ್ಬನೇ ಹೆಂಗೆ ಕೇಳಿಸ್ಲಿ ಅಂತ ನಮ್ಮನ್ನೆಲ್ಲ ಕರ್ಕೊಂಡು ಬಂದ." ಆ ಇಡೀ ಬೇಸಿಗೆಯ ಲೆಕ್ಕದಲ್ಲಿ ಷರ್ಬಾನು ಗಂಡನ ಜಂಬವನ್ನು ಎಣಿಸಿದ್ದಳು, ಸವತಿಯ ಕಣ್ಣಕಪ್ಪನ್ನು ಎಣಿಸಿದ್ದಳು, ಗಾಳಿಯನ್ನೂ ಮಂಜನ್ನೂ ಎಣಿಸಿದ್ದಳು, ತನಗೂ ಈ ಲೋಕದಲ್ಲಿ ಸಾಯಬಹುದಾದವರು ಇದ್ದಾರೆಂಬುದನ್ನು ಮಾತ್ರ ಎಣಿಸಿರಲಿಲ್ಲ. ಕೈಗಳು ಇನ್ನೂ ಸೊಂಟದ ಮೇಲೇ ಇದ್ದವು. ಹೆಂಗಸರು ಕಾಯುತ್ತಿದ್ದರು. ಅಮ್ಮನಿಗಾಗಿ ಬಾಯಿ ತೆರೆದಳು. ಒಂದು ಪದವೂ ಬರಲಿಲ್ಲ.